ಸಮಾಜ ಸೇವೆಗೂ ಲೈಸೆನ್ಸ್ ಬೇಕೇ? ಎಂ.ಎಸ್.ಡಬ್ಲ್ಯು ಪದವಿಯ ಹಿಂದಿನ ಕಥೆ

ಗಣೇಶನ ಹಬ್ಬವೋ ಜಾತ್ರೆಯೋ ಬಂತೆಂದರೆ ನಮ್ಮ ಊರುಗಳ ಸರ್ಕಲ್‌ಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಕೈ ಮುಗಿದು ನಿಂತವರ ಫೋಟೊ, ಕೆಳಗೆ ಹೆಸರು, ಹೆಸರಿನ ಪಕ್ಕದಲ್ಲಿ ‘ಸಮಾಜ ಸೇವಕರು’. ಈ ಬಿರುದು ಕೊಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ. ಅದೇ ಊರಿನ ಹುಡುಗಿಯೊಬ್ಬಳು ಎರಡು ವರ್ಷ ಎಂ.ಎಸ್.ಡಬ್ಲ್ಯು ಓದಿ ಬಂದರೆ ಮಾತ್ರ ಕೇಳುತ್ತಾರೆ: ‘ಸಮಾಜ ಸೇವೆ ಮಾಡೋಕೂ ಓದಬೇಕಾ? ಅದರಿಂದ ಕೆಲಸ ಸಿಗುತ್ತಾ?’

ಎರಡೂ ನ್ಯಾಯವಾದ ಪ್ರಶ್ನೆಗಳೇ. ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ಇದೆ, ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ನರ್ಸ್‌ಗೆ ನರ್ಸಿಂಗ್ ಕೌನ್ಸಿಲ್ ಇದೆ. ನೋಂದಣಿ ಇಲ್ಲದೆ ಅವರು ಕೆಲಸ ಮಾಡುವಂತಿಲ್ಲ. ಆದರೆ ಸಮಾಜಕಾರ್ಯ ಓದಿದ ಎಲ್ಲರನ್ನೂ ನೋಂದಾಯಿಸುವ ಒಂದು ರಾಷ್ಟ್ರೀಯ ಕೌನ್ಸಿಲ್ ಭಾರತದಲ್ಲಿ ಇಲ್ಲ. 1936ರಿಂದ ಕಲಿಸುತ್ತಿರುವ ಈ ವಿದ್ಯೆಗೆ ಇನ್ನೂ ಪೂರ್ತಿ ಲೈಸೆನ್ಸ್ ಯಾಕೆ ಬಂದಿಲ್ಲ? ಅದರಿಂದ ನಮ್ಮ ಹಳ್ಳಿಗಳಿಗೆ ಆಗುವ ನಷ್ಟವೇನು? ಇದು ಆ ಕಥೆ.

ಡಿಗ್ರಿ ಇಲ್ಲದ ದೊಡ್ಡವರು

ನಮ್ಮಲ್ಲಿ ಸೇವೆ ಪದವಿಯಿಂದ ಶುರುವಾಗಲಿಲ್ಲ. ಮಂಗಳೂರಿನ ಕುದ್ಮುಲ್ ರಂಗರಾವ್ ವಕೀಲರಾಗಿದ್ದವರು. 1897ರಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಮಕ್ಕಳಿಗೆ ಶಾಲೆ ನಡೆಸಿದರು, ಕೈಕಸುಬು ಕಲಿಸಿದರು, ಮನೆ ಕಟ್ಟಿಕೊಳ್ಳಲು ಜಾಗಕ್ಕಾಗಿ ಓಡಾಡಿದರು. ಅವರ ಸ್ವಂತ ಸಮುದಾಯವೇ ಅವರನ್ನು ದೂರವಿಟ್ಟಿತು. ತಮ್ಮ ಶಾಲೆಯಲ್ಲಿ ಓದಿದ ಮಗು ಮುಂದೆ ಸರ್ಕಾರಿ ನೌಕರಿ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಿದರೆ ಸಾಕು ಎಂಬುದು ಅವರ ಆಸೆಯಾಗಿತ್ತೆಂದು ಮಂಗಳೂರಿನಲ್ಲಿ ಇಂದಿಗೂ ನೆನೆಯುತ್ತಾರೆ.

1905ರಲ್ಲಿ ಗೋಪಾಲಕೃಷ್ಣ ಗೋಖಲೆ ಪುಣೆಯಲ್ಲಿ ಭಾರತ ಸೇವಕ ಸಮಾಜ ಕಟ್ಟಿದರು. ಆ ಬಳಗದ ಎನ್.ಎಂ. ಜೋಶಿ 1911ರಲ್ಲಿ ಬೊಂಬಾಯಿಯಲ್ಲಿ ಸೋಷಿಯಲ್ ಸರ್ವಿಸ್ ಲೀಗ್ ಆರಂಭಿಸಿ ಗಿರಣಿ ಕಾರ್ಮಿಕರ ನಡುವೆ ಕೆಲಸ ಮಾಡಿದರು. ಇವರೆಲ್ಲ ಮನಸ್ಸಿನ ಕರೆಗೆ ಓಗೊಟ್ಟು ಬಂದವರು. ‘ಸೇವೆಗೆ ಸಂಬಳ ಯಾಕೆ?’ ಎಂಬ ಮಾತು ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಈ ದೊಡ್ಡವರ ಬದುಕೂ ಒಂದು ಕಾರಣ. ಮುಂದೆ ಓದಿ ಬಂದವರು ಸಂಬಳ ಕೇಳಿದಾಗೆಲ್ಲ ಈ ಮಾತು ಅಡ್ಡ ಬಂತು.

‘ಇದು ವೃತ್ತಿಯೇ ಅಲ್ಲ’

ಈ ಗೊಂದಲ ನಮ್ಮದೊಂದೇ ಅಲ್ಲ. ಕೈಗಾರಿಕೆ ಬೆಳೆದು ನಗರಗಳಲ್ಲಿ ಬಡತನ ಹೆಚ್ಚಿದಾಗ ಇಂಗ್ಲೆಂಡ್, ಅಮೆರಿಕಗಳಲ್ಲಿ ದಾನ ಹಂಚುವ ಸಂಘಗಳು ಹುಟ್ಟಿದವು. ಯಾರಿಗೆ ನಿಜವಾಗಿ ಏನು ಬೇಕು ಎಂದು ತಿಳಿಯದೆ ದುಡ್ಡು ಹಂಚಿದರೆ ಪ್ರಯೋಜನವಿಲ್ಲ ಎಂಬುದು ಅನುಭವದಿಂದ ಗೊತ್ತಾಯಿತು. ಮನೆಗೆ ಹೋಗಿ ವಿಚಾರಿಸುವುದು, ಬರೆದಿಡುವುದು, ಮತ್ತೆ ಹೋಗಿ ನೋಡುವುದು ಇವೆಲ್ಲ ಒಂದು ಪದ್ಧತಿಯಾದವು. ಅದನ್ನು ಕಲಿಸಲು 1898ರಲ್ಲಿ ನ್ಯೂಯಾರ್ಕಿನಲ್ಲಿ ಬೇಸಿಗೆ ತರಬೇತಿ ಶುರುವಾಯಿತು.

1915ರಲ್ಲಿ ಅಮೆರಿಕದ ಶಿಕ್ಷಣ ತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ ಈ ಕೆಲಸದವರ ಸಮ್ಮೇಳನದಲ್ಲೇ ನಿಂತು, ಸಮಾಜಕಾರ್ಯ ಇನ್ನೂ ವೃತ್ತಿಯಾಗಿಲ್ಲ ಎಂದರು. ಡಾಕ್ಟರು, ವಕೀಲರು, ಮೇಷ್ಟ್ರುಗಳ ನಡುವೆ ಓಡಾಡುವ ಮಧ್ಯವರ್ತಿಯಂತೆ ಇದೆ, ಇದರದೇ ಆದ ವಿದ್ಯೆ ಎಲ್ಲಿದೆ ಎಂಬುದು ಅವರ ವಾದದ ತಿರುಳು. ಎರಡೇ ವರ್ಷದಲ್ಲಿ, 1917ರಲ್ಲಿ, ಮೇರಿ ರಿಚ್‌ಮಂಡ್ ‘ಸೋಷಿಯಲ್ ಡಯಾಗ್ನೋಸಿಸ್’ ಎಂಬ ದೊಡ್ಡ ಪುಸ್ತಕ ತಂದರು. ಕುಟುಂಬವೊಂದರ ಕಷ್ಟವನ್ನು ಹೇಗೆ ವಿಚಾರಿಸಬೇಕು, ಕೇಳಿದ್ದರಲ್ಲಿ ಯಾವುದನ್ನು ನಂಬಬೇಕು, ಹೇಗೆ ತೀರ್ಮಾನಕ್ಕೆ ಬರಬೇಕು ಎಂಬುದೆಲ್ಲ ಅದರಲ್ಲಿತ್ತು.

ಆಮೇಲೆ ಅಲ್ಲಿ ಕಾನೂನು ಬಂತು. 1945ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಸಮಾಜಕಾರ್ಯಕರ್ತರ ನೋಂದಣಿ ತಂದಿತು. ಇಂದು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಯಾವುದಾದರೊಂದು ಬಗೆಯ ಲೈಸೆನ್ಸ್ ವ್ಯವಸ್ಥೆ ಇದೆ. ಇಂಗ್ಲೆಂಡಿನಲ್ಲಿ 2005ರಿಂದ ‘ಸೋಷಿಯಲ್ ವರ್ಕರ್’ ಎಂಬ ಹೆಸರಿಗೇ ಕಾನೂನಿನ ರಕ್ಷಣೆ ಇದೆ. ನೋಂದಣಿ ಇಲ್ಲದವರು ಆ ಹೆಸರು ಹೇಳಿಕೊಳ್ಳುವಂತಿಲ್ಲ. ನಮ್ಮ ಮಂಗಳೂರಿನಲ್ಲೋ ಮೈಸೂರಿನಲ್ಲೋ ಎಂ.ಎಸ್.ಡಬ್ಲ್ಯು ಮುಗಿಸಿದವರು ಅಲ್ಲಿಗೆ ಹೋದರೂ ಮೊದಲು ನೋಂದಣಿ, ಆಮೇಲೆ ಕೆಲಸ.

ನಾಗಪಾಡದಿಂದ ಶುರು

ಭಾರತಕ್ಕೆ ಈ ವಿದ್ಯೆ ಬಂದದ್ದು ಬೊಂಬಾಯಿಯ ಮೂಲಕ. ಷಿಕಾಗೊದಲ್ಲಿ ಓದಿದ್ದ ಕ್ಲಿಫರ್ಡ್ ಮ್ಯಾನ್‌ಶರ್ಟ್ ಎಂಬ ಅಮೆರಿಕನ್ ಮಿಷನರಿ 1926ರಲ್ಲಿ ನಾಗಪಾಡದಲ್ಲಿ ‘ನೇಬರ್‌ಹುಡ್ ಹೌಸ್’ ತೆರೆದರು. ಬಡ ಕಾರ್ಮಿಕರು ಒತ್ತೊತ್ತಾಗಿ ಬದುಕುತ್ತಿದ್ದ ಆ ಪ್ರದೇಶದಲ್ಲಿ ಓದು, ಆಟ, ಆರೋಗ್ಯ ಎಲ್ಲಕ್ಕೂ ಅದೊಂದು ಜಾಗವಾಯಿತು. ಕೆಲಸ ಮಾಡುತ್ತ ಹೋದಂತೆ ತರಬೇತಿ ಪಡೆದ ಜನ ಬೇಕೆಂಬುದು ಅವರಿಗೆ ಮನದಟ್ಟಾಯಿತು.

ಅದೇ ಹೊತ್ತಿಗೆ ಸರ್ ದೊರಾಬ್ಜಿ ಟಾಟಾ ಅವರ ಆಸ್ತಿಯಿಂದ 1932ರಲ್ಲಿ ಒಂದು ಟ್ರಸ್ಟ್ ಹುಟ್ಟಿತ್ತು. ಅದರ ನೆರವಿನಿಂದ 1936ರಲ್ಲಿ ‘ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್’ ತೆರೆಯಿತು. ಭಾರತದಲ್ಲಿ ಸಮಾಜಕಾರ್ಯಕ್ಕೆ ಡಿಗ್ರಿ ನಂತರದ ಮೊದಲ ಶಾಲೆ ಇದು. ಮ್ಯಾನ್‌ಶರ್ಟ್ ಮೊದಲ ನಿರ್ದೇಶಕರು. ಅವರ ನಂತರ ಆ ಜಾಗಕ್ಕೆ ಬಂದ ಜೆ.ಎಂ. ಕುಮಾರಪ್ಪನವರು ಗಾಂಧೀಜಿಯ ಗ್ರಾಮೋದ್ಯೋಗದ ಜೆ.ಸಿ. ಕುಮಾರಪ್ಪನವರ ಅಣ್ಣ. 1944ರಲ್ಲಿ ಶಾಲೆಯ ಹೆಸರು ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ ಎಂದಾಯಿತು. ಈಗ ಎಲ್ಲರೂ ‘ಟಿಸ್’ ಎನ್ನುತ್ತಾರೆ.

ಬರೀ ಪಾಠವಾಗಿದ್ದರೆ ಇದು ಇನ್ನೊಂದು ಡಿಗ್ರಿಯಾಗುತ್ತಿತ್ತು, ಅಷ್ಟೆ. ಇದರ ಜೀವ ಇದ್ದದ್ದು ಫೀಲ್ಡ್‌ವರ್ಕ್‌ನಲ್ಲಿ. ವಾರದಲ್ಲಿ ಕೆಲವು ದಿನ ಆಸ್ಪತ್ರೆಗೋ ಕೊಳೆಗೇರಿಗೋ ಕಾರ್ಖಾನೆಗೋ ಹೋಗಬೇಕು. ನೋಡಿದ್ದನ್ನು, ಮಾಡಿದ್ದನ್ನು ವರದಿ ಬರೆಯಬೇಕು. ಮೇಷ್ಟ್ರು ಅದನ್ನು ಓದಿ ಪ್ರಶ್ನೆ ಕೇಳಬೇಕು. ಇಂದಿಗೂ ಎಂ.ಎಸ್.ಡಬ್ಲ್ಯು ಮಕ್ಕಳು ಮಾಡುವುದು ಇದನ್ನೇ. ನಿಮ್ಮ ಊರಿನ ಶಾಲೆಯಲ್ಲಿ ತಂಗಿ, ಮನೆಮನೆ ಸರ್ವೆ ಮಾಡಿ, ಸಂಜೆ ಬೀದಿನಾಟಕ ಆಡಿ ಹೋಗುವ ‘ಗ್ರಾಮೀಣ ಶಿಬಿರ’ದ ಮಕ್ಕಳೂ ಇದೇ ಪದ್ಧತಿಯವರು.

1946ರಲ್ಲಿ ದೆಹಲಿ ಶಾಲೆಗೆ ಬೀಜ ಬಿತ್ತು. ಅದೇ ವರ್ಷ ಬೊಂಬಾಯಿಯ ಜೆ.ಜೆ. ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾಯಿತು. ದೇಶ ವಿಭಜನೆಯಾದಾಗ ಕುರುಕ್ಷೇತ್ರದ ನಿರಾಶ್ರಿತರ ಶಿಬಿರಕ್ಕೆ ಟಿಸ್‌ನ ತಂಡ ಹೋಗಿ ದುಡಿಯಿತು.

ಕೆಲಸ ಕೊಟ್ಟದ್ದು ಕಾರ್ಖಾನೆ

ಓದಿ ಬಂದವರಿಗೆ ನೌಕರಿ ಎಲ್ಲಿ? ಇದಕ್ಕೆ ದೊಡ್ಡ ಉತ್ತರ ಸಿಕ್ಕಿದ್ದು 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ. 500 ಅಥವಾ ಹೆಚ್ಚು ಕಾರ್ಮಿಕರಿರುವ ಪ್ರತಿ ಕಾರ್ಖಾನೆಯಲ್ಲಿ ಕಲ್ಯಾಣ ಅಧಿಕಾರಿ ಇರಲೇಬೇಕು ಎಂದು ಅದರ 49ನೇ ಕಲಂ ಹೇಳಿತು. 1951ರ ಪ್ಲಾಂಟೇಷನ್ ಕಾಯ್ದೆ, 300 ಕಾರ್ಮಿಕರಿರುವ ಕಾಫಿ, ಟೀ ತೋಟಗಳಿಗೂ ಇದನ್ನು ತಂದಿತು. ಇದು ನಮ್ಮ ಕೊಡಗು, ಚಿಕ್ಕಮಗಳೂರಿಗೂ ಸೇರಿದ ಮಾತು. 2020ರ ಹೊಸ ಕಾರ್ಮಿಕ ಸಂಹಿತೆ ಕಾರ್ಖಾನೆ, ಗಣಿ, ತೋಟ ಮೂರಕ್ಕೂ ಈ ಸಂಖ್ಯೆಯನ್ನು 250 ಎಂದು ಮಾಡಿದೆ.

ಬೆಂಗಳೂರಿನಲ್ಲಿ ಎಚ್.ಎ.ಎಲ್, ಐ.ಟಿ.ಐ, ಎಚ್.ಎಂ.ಟಿ, ಬಿ.ಇ.ಎಲ್‌ನಂಥ ದೊಡ್ಡ ಕಾರ್ಖಾನೆಗಳಿದ್ದ ಕಾಲವದು. ಸಮಾಜಕಾರ್ಯದ ಪದವಿಗೆ ಬೆಲೆ ಬಂತು. ಇನ್ನೊಂದು ಕಡೆ ಪದವಿಯ ದಾರಿಯೂ ತಿರುಗಿತು. ಕಾರ್ಮಿಕರ ಕಷ್ಟ ಕೇಳಲು ಬಂದವರು ಮೆಲ್ಲಗೆ ಆಡಳಿತದ ಕಡೆಯವರಾದರು. ಕಲ್ಯಾಣ ವಿಭಾಗ ಪರ್ಸನಲ್ ವಿಭಾಗವಾಯಿತು, ಈಗ ಎಚ್.ಆರ್. ಇಂದಿಗೂ ಎಂ.ಎಸ್.ಡಬ್ಲ್ಯು ಸೇರುವ ಎಷ್ಟೋ ಮಕ್ಕಳ ಕಣ್ಣು ಎಚ್.ಆರ್ ಮೇಲೆಯೇ. ಅದು ತಪ್ಪಲ್ಲ, ಹೊಟ್ಟೆಪಾಡು. ಆದರೆ ಹಳ್ಳಿಗೆ ಬರಬೇಕಿದ್ದ ವಿದ್ಯೆಯ ದೊಡ್ಡ ಪಾಲು ಕಾರ್ಖಾನೆಯ ಗೇಟಿನಲ್ಲೇ ಉಳಿಯಿತು.

ಹಳ್ಳಿಗೆ ಬಂದವರು ಬೇರೆ

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶುರುವಾಯಿತು. ಹಳ್ಳಿಗೆ ಬಂದವರು ಗ್ರಾಮಸೇವಕರು. ಗೊಬ್ಬರ, ಬೀಜ, ಬಾವಿ, ಶೌಚಾಲಯ ಹೀಗೆ ಎಲ್ಲವೂ ಅವರ ತಲೆ ಮೇಲೆ. ಊರಿನ ಹಿರಿಯರನ್ನು ಕೇಳಿದರೆ ಅವರ ಸೈಕಲ್ಲಿನ ನೆನಪು ಹೇಳಿಯಾರು. ಅವರಿಗೆ ತರಬೇತಿ ಕೊಟ್ಟದ್ದು ಸರ್ಕಾರದ ಬೇರೆ ಕೇಂದ್ರಗಳು. ಸಮಾಜಕಾರ್ಯದ ಶಾಲೆಗಳಿಗೂ ಹಳ್ಳಿಗೂ ನಡುವಿನ ಅಂತರ ಆಗಲೇ ಶುರುವಾಗಿತ್ತು. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ನೇತೃತ್ವದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂದು, ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಡತೊಡಗಿತು.

1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಬಂತು. ಕರ್ನಾಟಕದಲ್ಲಿ ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. 2005ರ ನಂತರ ಆಶಾ ಕಾರ್ಯಕರ್ತೆಯರು ಬಂದರು. ಗರ್ಭಿಣಿಯ ಮನೆಗೆ ಹೋಗುವವರು, ತೂಕ ಕಡಿಮೆ ಇರುವ ಮಗುವನ್ನು ಗುರುತಿಸುವವರು, ಬಾಲ್ಯವಿವಾಹದ ಸುದ್ದಿ ಮೊದಲು ತಿಳಿಯುವವರು ಇವರೇ. ಪುಸ್ತಕದಲ್ಲಿ ಸಮಾಜಕಾರ್ಯ ಎಂದು ಬರೆದಿರುವ ಕೆಲಸದ ಬಹುಪಾಲು ಹಳ್ಳಿಯಲ್ಲಿ ನಡೆಯುತ್ತಿರುವುದು ಇವರ ಕೈಯಲ್ಲಿ.

ಆದರೆ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತು. 2022ರಲ್ಲಿ ಗುಜರಾತಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ‘ಸೇವೆಗೆ ಸಂಬಳ ಯಾಕೆ’ ಎಂಬ ಹಳೆಯ ಮಾತಿನ ಭಾರ ಯಾರ ಹೆಗಲ ಮೇಲೆ ಬಿದ್ದಿದೆ ಎಂಬುದನ್ನು ಇಲ್ಲಿ ನೋಡಬಹುದು. ಹೊತ್ತವರೆಲ್ಲ ಹೆಣ್ಣುಮಕ್ಕಳೇ.

ಕರ್ನಾಟಕದ ಹೆಜ್ಜೆಗಳು

ನಮ್ಮ ರಾಜ್ಯದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಸಮಾಜಕಾರ್ಯದ ಶಾಲೆಯಾಗಿ ಆರಂಭವಾಯಿತು. ನಂತರ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳು ಬಂದವು. ಈಗ ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲೂ ಬಿ.ಎಸ್.ಡಬ್ಲ್ಯು, ಎಂ.ಎಸ್.ಡಬ್ಲ್ಯು ಇವೆ. ಹಳ್ಳಿಯ ಬಡ ಮನೆಗಳ ಮಕ್ಕಳು, ಅದರಲ್ಲೂ ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಕಂಡವರು, ಇಲ್ಲಿ ಸೇರುತ್ತಿದ್ದಾರೆ.

ಸಂಸ್ಥೆಗಳಲ್ಲಿ 1968ರಲ್ಲಿ ಹುಟ್ಟಿದ ಮೈರಾಡ ಮೊದಲು ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಕೆಲಸ ಮಾಡಿತು. 1980ರ ದಶಕದಲ್ಲಿ ಹಳ್ಳಿಗಳಲ್ಲಿ ಅದು ಕಟ್ಟಿದ ಗುಂಪುಗಳ ಅನುಭವ, 1992ರಲ್ಲಿ ನಬಾರ್ಡ್ ಶುರುಮಾಡಿದ ಸ್ವಸಹಾಯ ಸಂಘಗಳ ಬ್ಯಾಂಕ್ ಜೋಡಣೆಗೆ ದಾರಿ ತೋರಿತು. ಇಂದು ನಿಮ್ಮ ಮನೆಯವರು ಕೂರುವ ಸಂಘದ ಸಭೆಗೂ ಆ ಕೆಲಸಕ್ಕೂ ನೆಂಟಸ್ತಿಕೆ ಇದೆ.

ಇನ್ನೊಂದು ದೊಡ್ಡ ಹೆಜ್ಜೆ ಬಳ್ಳಾರಿಯದು. ಮಾನಸಿಕ ಕಾಯಿಲೆ ಎಂದರೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಬರಬೇಕೇ, ಊರಿನ ಹತ್ತಿರವೇ ಔಷಧ ಸಿಗಬಾರದೇ ಎಂಬ ಪ್ರಶ್ನೆಯೊಂದಿಗೆ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಈ ‘ಬಳ್ಳಾರಿ ಮಾದರಿ’ಯೇ ಅಡಿಪಾಯ. ಆ ತಂಡದಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರಿಗೂ ಜಾಗವಿದೆ. ರೋಗಿಗೆ ಮಾತ್ರೆ ಬರೆಯುವವರು ಡಾಕ್ಟರು. ಆ ಮಾತ್ರೆ ತಪ್ಪದಂತೆ ಮನೆಯವರನ್ನು ಒಪ್ಪಿಸುವುದು, ಮತ್ತೆ ಕೆಲಸಕ್ಕೆ ಹಚ್ಚುವುದು, ಊರಿನವರ ಬಾಯಿ ಮುಚ್ಚಿಸುವುದು ಇವರ ಕೆಲಸ.

ಲೈಸೆನ್ಸ್ ಎಲ್ಲಿಗೆ ಬಂತು?

ಸಮಾಜಕಾರ್ಯಕ್ಕೂ ಒಂದು ಕೌನ್ಸಿಲ್ ಬೇಕು ಎಂದು ಶಿಕ್ಷಕರು, ಪದವೀಧರರು ದಶಕಗಳಿಂದ ಕೇಳುತ್ತಲೇ ಇದ್ದಾರೆ. 1990ರ ದಶಕದಲ್ಲಿ ಮಸೂದೆಯ ಕರಡೂ ಸಿದ್ಧವಾಗಿತ್ತು. ಕಾನೂನಾಗಲಿಲ್ಲ. ಎಲ್ಲವನ್ನೂ ಒಳಗೊಂಡ ಕಾನೂನು ಬರುವ ಬದಲು ಅಲ್ಲೊಂದು ಇಲ್ಲೊಂದು ತುಂಡು ಬಂದವು. ಅವನ್ನು ತಿಳಿದುಕೊಂಡರೆ ಓದುವ ಮಕ್ಕಳಿಗೆ ಉಪಯೋಗ.

ಮೊದಲನೆಯದು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಮನೋವೈದ್ಯಕೀಯ ಸಮಾಜಕಾರ್ಯಕರ್ತ ಎಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಎರಡು ವರ್ಷ ಪೂರ್ಣಾವಧಿಯ ಎಂ.ಫಿಲ್ ಮುಗಿಸಿದವರು ಎಂದು ಈ ಕಾಯ್ದೆ ಬಿಡಿಸಿ ಹೇಳುತ್ತದೆ. ಅವರನ್ನು ನೋಂದಾಯಿಸುವುದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಕೆಲಸ. ಲೈಸೆನ್ಸ್‌ಗೆ ಹತ್ತಿರದ ವ್ಯವಸ್ಥೆ ಇದು. ಇಲ್ಲೊಂದು ತೊಡಕಿದೆ. 2022ರಲ್ಲಿ ಯು.ಜಿ.ಸಿ ಎಂ.ಫಿಲ್ ಪದವಿಯನ್ನೇ ನಿಲ್ಲಿಸಿತು. ಆಮೇಲೆ ಈ ವಿಷಯಕ್ಕೂ ಕ್ಲಿನಿಕಲ್ ಸೈಕಾಲಜಿಗೂ ಮಾತ್ರ 2025-26ರ ವರೆಗೆ ವಿನಾಯಿತಿ ಕೊಟ್ಟಿತು. ಕಾನೂನು ಕೇಳುವ ಪದವಿಯೇ ಮುಗಿಯುವ ಹಂತಕ್ಕೆ ಬಂದಂತಾಯಿತು.

ಎರಡನೆಯದು, 2021ರ ಆರೋಗ್ಯ ಸಂಬಂಧಿ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ. ಆಸ್ಪತ್ರೆ ಮತ್ತು ಮಾನಸಿಕ ಆರೋಗ್ಯ ಕ್ಷೇತ್ರದ ಸಮಾಜಕಾರ್ಯಕರ್ತರು ಇದರ ಪಟ್ಟಿಯಲ್ಲಿದ್ದಾರೆ. ರಾಜ್ಯ ಪರಿಷತ್ತುಗಳ ಮೂಲಕ ನೋಂದಣಿ ಇದರ ವ್ಯವಸ್ಥೆ. ಆದರೆ ಮಕ್ಕಳ ರಕ್ಷಣೆ, ಗ್ರಾಮಾಭಿವೃದ್ಧಿ, ಕಾರ್ಮಿಕ ಕಲ್ಯಾಣದಲ್ಲಿ ದುಡಿಯುವವರು ಇದರ ಹೊರಗೇ ಉಳಿಯುತ್ತಾರೆ.

ಮೂರನೆಯದು, 2015ರ ಬಾಲನ್ಯಾಯ ಕಾಯ್ದೆ. ಬಾಲನ್ಯಾಯ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಇರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಆದರೆ ಇವರು ಎಂ.ಎಸ್.ಡಬ್ಲ್ಯು ಓದಿರಲೇಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣದಲ್ಲಿ ಏಳು ವರ್ಷದ ಕೆಲಸವಿದ್ದರೂ ಆಗುತ್ತದೆ. ಒಂದು ಕಾನೂನಿಗೆ ಈ ಹೆಸರು ಪದವಿ, ಇನ್ನೊಂದು ಕಾನೂನಿಗೆ ಅನುಭವ, ಫ್ಲೆಕ್ಸಿನವರಿಗೆ ಬಿರುದು.

ನಮಗೇನು ನಷ್ಟ?

ಗಂಡನ ಹೊಡೆತ ತಾಳಲಾರದೆ ಒಬ್ಬ ಹೆಣ್ಣುಮಗಳು ಕೌನ್ಸೆಲಿಂಗ್‌ಗೆ ಹೋಗುತ್ತಾಳೆ ಎಂದುಕೊಳ್ಳಿ. ಅಲ್ಲಿ ಹೇಳಿದ ಮಾತು ಮರುದಿನ ಊರಿಗೆಲ್ಲ ಗೊತ್ತಾಗುತ್ತದೆ. ಹಾಗೆ ಮಾಡಿದ್ದು ಡಾಕ್ಟರಾದರೆ ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಡಬಹುದು, ಅವರ ನೋಂದಣಿಯೇ ಹೋಗಬಹುದು. ಇವರ ಮೇಲೆ ಅವರು ದುಡಿಯುವ ಸಂಸ್ಥೆಗೆ ದೂರಬಹುದು, ಹೆಚ್ಚೆಂದರೆ ಕೆಲಸ ಹೋಗುತ್ತದೆ. ಪಕ್ಕದ ತಾಲ್ಲೂಕಿನಲ್ಲಿ ಮತ್ತೆ ಅದೇ ಹೆಸರಿನಲ್ಲಿ ಕೂರಲು ಅಡ್ಡಿಯಿಲ್ಲ. ಲೈಸೆನ್ಸ್ ಮೊದಲು ಬೇಕಾಗಿರುವುದು ಕಷ್ಟ ಹೇಳಿಕೊಳ್ಳಲು ಬಂದವರಿಗೆ.

ದುಡಿಯುವವರಿಗೂ ಬೇಕು. ಈ ಕ್ಷೇತ್ರದ ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವು, ಪ್ರಾಜೆಕ್ಟ್ ಮುಗಿದರೆ ಕೆಲಸ ಮುಗಿಯಿತು. ‘ಯಾವ ಪದವಿಯಾದರೂ ಸರಿ’ ಎಂದು ಜಾಹೀರಾತು ಬಂದರೆ ಎರಡು ವರ್ಷ ಫೀಲ್ಡ್‌ವರ್ಕ್ ಮಾಡಿದವರಿಗೆ ಏನು ಬೆಲೆ?

ಆದರೆ ಒಂದು ಎಚ್ಚರ ಬೇಕು. ಲೈಸೆನ್ಸ್ ಬಂದು ಅದಕ್ಕೆ ದೊಡ್ಡ ಫೀಸು, ಇಂಗ್ಲಿಷ್ ಪರೀಕ್ಷೆ ಅಂಟಿಕೊಂಡರೆ ಹೊರಗುಳಿಯುವವರು ಯಾರು? ಇಪ್ಪತ್ತು ವರ್ಷ ಅಂಗನವಾಡಿ ನಡೆಸಿದವರು, ದೇವದಾಸಿ ಪದ್ಧತಿಯಿಂದ ಹೊರಬಂದು ಇತರರನ್ನು ಕರೆತಂದವರು, ಜೀತ ಬಿಡಿಸಿದವರು. ಕುದ್ಮುಲ್ ರಂಗರಾವ್ ಅವರ ಹತ್ತಿರವೂ ಈ ಪದವಿ ಇರಲಿಲ್ಲ. ಸೇವೆ ಮಾಡಲು ಯಾರ ಅಪ್ಪಣೆಯೂ ಬೇಡ. ಇನ್ನೊಬ್ಬರ ಮನೆಯ ಗುಟ್ಟು ಕೇಳುವ, ಮಗುವನ್ನು ಎಲ್ಲಿ ಇಡಬೇಕೆಂದು ವರದಿ ಬರೆಯುವ, ಕಾಯಿಲೆಯವರಿಗೆ ಸಲಹೆ ಕೊಡುವ ಕೆಲಸಕ್ಕೆ ನೋಂದಣಿ ಬೇಕು. ಅನುಭವಸ್ಥರು ಕನ್ನಡದಲ್ಲೇ ತರಬೇತಿ ಪಡೆದು ಅದರೊಳಗೆ ಬರಲು ದಾರಿಯೂ ಬೇಕು.

ಸೇರುವ ಮುನ್ನ ಕೇಳಿ

ನಿಮ್ಮ ಮನೆಯ ಮಕ್ಕಳು ಈ ವರ್ಷ ಸಮಾಜಕಾರ್ಯ ಓದುತ್ತೇವೆ ಎಂದರೆ ಬೇಡ ಎನ್ನಬೇಡಿ. ಫೀಸು ಕಟ್ಟುವ ಮುಂಚೆ ಕಾಲೇಜಿನಲ್ಲಿ ಇಷ್ಟು ಕೇಳಿ.

ವಾರಕ್ಕೆ ಎಷ್ಟು ದಿನ ಫೀಲ್ಡ್‌ವರ್ಕ್, ಅದನ್ನು ನೋಡಿಕೊಳ್ಳುವವರು ಯಾರು? ಅದು ಕಾಗದದ ಮೇಲಷ್ಟೇ ಇದ್ದರೆ ಪದವಿಯೂ ಕಾಗದವೇ. ಕೋರ್ಸ್ ಮತ್ತು ವಿಶ್ವವಿದ್ಯಾಲಯಕ್ಕೆ ಯು.ಜಿ.ಸಿ ಮಾನ್ಯತೆ ಇದೆಯೇ? ವಿಶೇಷ ಅಧ್ಯಯನ ಯಾವುದು: ಎಚ್.ಆರ್, ಆರೋಗ್ಯ, ಸಮುದಾಯ ಅಭಿವೃದ್ಧಿ, ಕುಟುಂಬ ಮತ್ತು ಮಕ್ಕಳು? ಮುಂದಿನ ಕೆಲಸ ಬಹುಮಟ್ಟಿಗೆ ಇದರ ಮೇಲೆ ನಿಲ್ಲುತ್ತದೆ. ಆಸ್ಪತ್ರೆಯ ಕಡೆ ಹೋಗುವುದಾದರೆ 2021ರ ಕಾಯ್ದೆಯಡಿ ನೋಂದಣಿಗೆ ಈ ಪದವಿ ಸಾಕೇ? ಮಾನಸಿಕ ಆರೋಗ್ಯದ ಕಡೆಯಾದರೆ ಎಂ.ಫಿಲ್ ಬದಲಿಗೆ ಯಾವ ಕೋರ್ಸನ್ನು ಪ್ರಾಧಿಕಾರ ಒಪ್ಪುತ್ತದೆ? ಉತ್ತರವನ್ನು ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ತೆಗೆದುಕೊಳ್ಳಿ.

ಹಾಗೆಯೇ, ನಿಮ್ಮ ಮನೆ ಬಾಗಿಲಿಗೆ ಯಾರಾದರೂ ‘ಸೋಷಿಯಲ್ ವರ್ಕರ್’ ಎಂದು ಬಂದು ಮನೆಯ ವಿಷಯ ವಿಚಾರಿಸಿದರೆ, ಯಾವ ಇಲಾಖೆ, ಯಾವ ಸಂಸ್ಥೆ, ಬರೆದುಕೊಂಡದ್ದನ್ನು ಯಾರಿಗೆ ತೋರಿಸುತ್ತೀರಿ ಎಂದು ಕೇಳಿ. ಗುರುತಿನ ಚೀಟಿ ನೋಡಿ. ಅಕ್ಕಪಕ್ಕದವರೆದುರು ಗುಟ್ಟಿನ ಮಾತು ಕೇಳಿದರೆ ಉತ್ತರ ಕೊಡಬೇಡಿ. ಸರಿಯಾಗಿ ಓದಿ ಬಂದವರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ, ಅವರಿಗೆ ಮೊದಲ ಸೆಮಿಸ್ಟರಿನಲ್ಲೇ ಇದನ್ನು ಹೇಳಿಕೊಟ್ಟಿರುತ್ತಾರೆ.